ಆಯುಧಪೂಜೆಯ ಸಾಲು

ನಮ್ಮ ಮನೆಯಲ್ಲಿ ಮಲಗುತ್ತಿದ್ದವರು ನಾಲ್ಕು ಜನ: ಅಪ್ಪ, ಅಮ್ಮ, ನಾನು ಮತ್ತು ಕ್ಲಬ್ಬಿನ ನೆಟ್ಟು. ಕೋಲಾರದಲ್ಲಿ ಆಫೀಸರುಗಳು ಸಂಜೆ ಹೊತ್ತು ಟೆನ್ನಿಸ್ ಆಡುತ್ತಿದ್ದ ಕ್ಲಬ್ಬೊಂದಿತ್ತು. ಅದರ ಹಿಂದುಗಡೆ, ಹುಣಸೆಮರದ ಕೆಳಗೆ, ಎರಡು ಕೋಣೆಯ ಹೆಂಚಿನ ಮನೆ ನಮ್ಮದು. ನಾವು ಅದನ್ನು ಮನೆ ಅನ್ನುತ್ತಿದ್ದೆವು. ಕ್ಲಬ್ಬಿನವರ ಬಾಯಲ್ಲಿ ಅದು ಸಾಮಾನು ಕೋಣೆ. ಮೋಡ ಕಟ್ಟಿದರೆ ಸಾಕು, ಅಪ್ಪ ನೆಟ್ಟು ಬಿಚ್ಚಿ, ಸುರುಳಿ ಸುತ್ತಿ, ನಿದ್ದೆಹೋದ ಮಗುವನ್ನು ಹೊತ್ತು ತರುವ ಹಾಗೆ ಹೆಗಲಿಗೆ ಹಾಕಿಕೊಂಡು ಒಳಗೆ ತರುತ್ತಿದ್ದ. ಹೆಂಚು ಸೋರದ ಮೂಲೆ ಒಂದೇ ಇತ್ತು, ಅದು ನೆಟ್ಟಿಗೆ. ಸೋರುವ ಕಡೆ ಪಾತ್ರೆ ಇಟ್ಟುಕೊಂಡು ನಾವು. ಇನ್ನೊಂದು ಕೋಣೆ ಅಡುಗೆಯದು. ಅಲ್ಲಿ ಒಂದು ಗೋಡೆಗೆ ಒಲೆ, ರಾಗಿಹಿಟ್ಟಿನ ಮಡಕೆ, ಮುದ್ದೆ ಕೋಲು. ಎದುರು ಗೋಡೆಗೆ ಗೆರೆ ಎಳೆಯುವ ಸುಣ್ಣದ ಗಡಿಗೆ, ಹಳೇ ಚೆಂಡುಗಳ ಬುಟ್ಟಿ. ಒಂದು ಸಲ ಅಮ್ಮ ತವರಿನಿಂದ ಬಂದ ಆಯಾಸದಲ್ಲಿ ಮಜ್ಜಿಗೆ ಅಂತ ಸುಣ್ಣದ ನೀರನ್ನೇ ಲೋಟಕ್ಕೆ ಬಗ್ಗಿಸಿದ್ದಳು. ಕುಡಿಯಲಿಲ್ಲ ಅನ್ನಿ. ಆದರೆ ಅವತ್ತು ಅಪ್ಪನಿಗೆ ಆದ ಮಂಗಳಾರತಿ ನನಗಿನ್ನೂ ನೆನಪಿದೆ.

ನಲವತ್ತು ವರ್ಷ ನಾನು ಸಂಬಳ ತೆಗೆದುಕೊಂಡು ಟೆನ್ನಿಸ್ ಆಡಿದವಳು, ಆಡಿಸಿದವಳು. ಈ ಕಡೆ ಹೆಂಗಸರಲ್ಲಿ ಅದನ್ನೇ ಉದ್ಯೋಗ ಮಾಡಿಕೊಂಡ ಮೊದಲನೆಯವರು ನೀವೇ ಅಂತೆ, ಯಾರು ಕಲಿಸಿದರು ಅಂತ ಕೇಳಿಕೊಂಡು ಆಗಾಗ ಯಾರಾದರೂ ಬರುತ್ತಾರೆ. ಅಪ್ಪ ಕಲಿಸಿದ ಅನ್ನುತ್ತೇನೆ. ಅದು ಸುಳ್ಳಲ್ಲ. ಬರೆದುಕೊಂಡು, ಕಾಫಿ ಕುಡಿದು ಹೋಗುತ್ತಾರೆ. ಅದು ನನ್ನ ಉದ್ಯೋಗ ಅಂತ ಮೊದಲು ಹೇಳಿದವರು ಯಾರು, ಯಾಕೆ ಹೇಳಿದರು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದೆ ಹೇಳುವುದು ನನ್ನ ಜಾಯಮಾನ ಅಲ್ಲ. ಹಾಗಂತ ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಯುವ ಮನಸ್ಸೂ ಇಲ್ಲ.

ಅಪ್ಪ ಪಿಳ್ಳಪ್ಪ, ಹೋಳೂರಿನವನು, ಕ್ಲಬ್ಬಿನ ಮಾರ್ಕರ್. ಕೋರ್ಟಿನ ಮೇಲೆ ಕಲ್ಲಿನ ಉರುಳೆ ಎಳೆಯುವುದು, ಗೆರೆ ಹಾಕುವುದು, ಜೊತೆ ಸಿಗದ ಮೆಂಬರುಗಳಿಗೆ ಎದುರು ನಿಂತು ಆಡುವುದು ಅವನ ಕೆಲಸ. ಅಮ್ಮ ಗೌನಿಪಲ್ಲಿಯ ತೆಲುಗು ಮನೆಯವಳು. ಹದಿನೈದು ದಿನಕ್ಕೊಮ್ಮೆ ಇಡೀ ಕೋರ್ಟಿಗೆ ಸಗಣಿ ಸಾರಿಸುವುದು ಅವಳ ಪಾಲಿಗೆ ಬಂದಿತ್ತು. ಮನೆಯ ಅಂಗಳ ಸಾರಿಸಿದ ಹಾಗೇ ಬಗ್ಗಿಕೊಂಡು, ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಆಫೀಸರುಗಳನ್ನು ತೆಲುಗಿನಲ್ಲಿ ಬೈಯುತ್ತಾ ಸಾರಿಸುತ್ತಿದ್ದಳು. ಬೆಳಿಗ್ಗೆ ರಾಗಿ ಅಂಬಲಿ, ಸಂಜೆ ಮುದ್ದೆ, ಹುರುಳಿಕಾಳಿನ ಸಾರು. ಅವರೆ ಕಾಲದಲ್ಲಿ ಅವರೆ, ಮಾವಿನ ಕಾಲದಲ್ಲಿ ಗೌನಿಪಲ್ಲಿಯಿಂದ ಗಾಡಿಯಲ್ಲಿ ಬರುವ ಹಣ್ಣು. ಊಟಕ್ಕೆ ಕೂತಾಗಲೇ ಅಪ್ಪನ ಪಾಠ. ಮುದ್ದೆ ಮುರಿಯುತ್ತಾ, ಇವತ್ತು ಯಾರಿಗೆ ಹೇಗೆ ಸೋತೆ ಅಂತ ಅವನು ಹೇಳುತ್ತಿದ್ದ. ಬೇರೆ ಮಕ್ಕಳು ರಾಜಕುಮಾರನ ಕಥೆ ಕೇಳಿ ಬೆಳೆದರೆ ನಾನು ಅಪ್ಪ ಸೋತ ಕಥೆ ಕೇಳಿ ಬೆಳೆದೆ.

"ಗೆಲ್ಲೋದು ನಮ್ ಕೆಲ್ಸ ಅಲ್ಲ ಕಣೇ ನಾಗಿ. ಅವರ ಬ್ಯಾಟು ಎಲ್ಲಿದೆಯೋ ಅಲ್ಲಿಗೆ ಚೆಂಡು ಕಳ್ಸೋದು ನಮ್ ಕೆಲ್ಸ. ಕೊನೇಲಿ ಬಿಟ್ಕೊಡ್ಬೇಕು. ಬಿಟ್ಕೊಟ್ಟಿದ್ದು ಅವರಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅವನು ಮಾರ್ಕರೇ ಅಲ್ಲ."

ಆ ಕೆಲಸದಲ್ಲಿ ಅಪ್ಪನಷ್ಟು ನಿಪುಣನನ್ನು ನಾನು ಆಮೇಲೆ ಬೆಂಗಳೂರು, ಮದರಾಸಿನಲ್ಲೂ ಕಾಣಲಿಲ್ಲ. ಬೆಳಗಿನ ಹೊತ್ತು ಕೋರ್ಟಿನ ಮೂಲೆಯಲ್ಲಿ ಸುಣ್ಣದಿಂದ ತಟ್ಟೆಯಗಲದ ಗುಂಡು ಬರೆದು, ಆಚೆ ಕಡೆಯಿಂದ ಹತ್ತು ಚೆಂಡು ಹೊಡೆದರೆ ಎಂಟು ಅದರೊಳಗೇ ಬೀಳುತ್ತಿದ್ದವು. ಅಂಥವನು ದಪ್ಪ ಹೊಟ್ಟೆಯ ವಕೀಲರಿಗೆ ದಿನಾ ಸೋತು, ಬೆವರು ಒರೆಸಿಕೊಂಡು, "ಇವತ್ತು ನಿಮ್ಮ ಏಟು ತಡ್ಕೊಳ್ಳೋಕೆ ಆಗ್ಲಿಲ್ಲ ಬುದ್ಧಿ" ಅನ್ನುತ್ತಿದ್ದ.

ನಾನು ಕೋರ್ಟಿಗೆ ಇಳಿದದ್ದು ಆಸೆಯಿಂದಲ್ಲ. ಮಂಗಳವಾರ, ಶುಕ್ರವಾರ ನಾಲ್ಕು ಗಂಟೆಯಿಂದ ಆಫೀಸರುಗಳ ಹೆಂಡಂದಿರು ಆಡುವ ಹೊತ್ತು. ಸುತ್ತ ಬಿದಿರಿನ ತಟ್ಟಿ ಕಟ್ಟಿ ಮರೆ ಮಾಡುತ್ತಿದ್ದರು. ಗಂಡಸು ಮಾರ್ಕರ್ ಒಳಗೆ ಹೋಗುವಂತಿರಲಿಲ್ಲ. ಚೆಂಡು ಹಾಕಿ ಆಡಿಸಲು ಯಾರಾದರೂ ಬೇಕಲ್ಲ. ಅಪ್ಪ ನನ್ನನ್ನು ನೂಕಿದ. ನನಗಾಗ ಒಂಬತ್ತು ವರ್ಷ. ಬ್ಯಾಟುಗಳಿಗೆ ತಂತಿ ಬಿಗಿಯುತ್ತಿದ್ದ ಖಾದರ್ ಸಾಬರು ಮುರಿದ ಬ್ಯಾಟೊಂದರ ಹಿಡಿ ಕೊಯ್ದು, ಮೊಳೆ ಹೊಡೆದು, ಕುರಿಯ ಕರುಳಿನ ತಂತಿ ಬಿಗಿದು ನನ್ನ ಕೈಗೆ ಕೊಟ್ಟರು.

"ತಂತಿ ಹದವಾಗಿದ್ರೆ ಬ್ಯಾಟು ತಾನೇ ಮಾತಾಡ್ತದೆ ಬೇಟಿ. ನೀನು ಕೇಳಿಸ್ಕೋಬೇಕು ಅಷ್ಟೆ."

ಅಮ್ಮ ಮೂರು ದಿನ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ಮುದ್ದೆ ಕೋಲು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಲಂಗ ಎತ್ತಿ ಕಟ್ಕೊಂಡು ಹೆಣ್ಮಗು ಹಂಗೆ ಓಡಾಡಿದ್ರೆ ನಾಳೆ ಯಾವನಯ್ಯಾ ಕಟ್ಕೊಂತಾನೆ?"

"ಅವಳು ಆಡ್ತಾ ಇಲ್ಲ ಕಣೇ. ಆಡಿಸ್ತಾ ಇದ್ದಾಳೆ. ಮೇಡಮ್ಮೋರು ಖುಷಿಯಾಗಿದ್ರೆ ನಮ್ಗೂ ಒಳ್ಳೇದಲ್ವಾ?"

ಆ ವರ್ಷದ ಆಯುಧಪೂಜೆ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅವತ್ತು ನಾನು ಬಹಳ ಬೀಗಿದ್ದೆ. ಹಬ್ಬದ ದಿನ ಕ್ಲಬ್ಬಿನಲ್ಲಿ ಆಟವಿಲ್ಲ. ಉರುಳೆಯನ್ನು ತೊಳೆದು ವಿಭೂತಿ ಬಳಿದು, ಸುಣ್ಣದ ಗಡಿಗೆ, ನೆಟ್ಟು, ಬ್ಯಾಟುಗಳು, ಅಮ್ಮನ ಪೊರಕೆ ಎಲ್ಲಕ್ಕೂ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದು ಪೂಜೆ. ಆಮೇಲೆ ಕ್ಲಬ್ಬಿನ ಮೆಟ್ಟಿಲ ಕೆಳಗೆ ಆಳುಗಳು ಸಾಲಾಗಿ ನಿಲ್ಲಬೇಕು. ಮೆಂಬರುಗಳ ಮನೆಯ ಹೆಂಗಸರು ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಅದರ ಮೇಲೆ ಬಟ್ಟೆ ಇಟ್ಟು ಒಬ್ಬೊಬ್ಬರಿಗೇ ಕೊಡುತ್ತಾ ಬರುತ್ತಿದ್ದರು. ಅಪ್ಪನಿಗೆ ಪಂಚೆ, ತೋಟದವನಿಗೆ ಪಂಚೆ, ಕಾವಲುಗಾರನಿಗೆ ಪಂಚೆ, ಅಮ್ಮನಿಗೆ ಸೀರೆ. ನಾನು ಹುಣಸೆಮರದ ಹತ್ತಿರ ನಿಂತು ನೋಡುತ್ತಿದ್ದೆ. ಅಪ್ಪ ಕೈಹಿಡಿದು ಎಳೆದು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡ.

"ನೀನೂ ನಿಂತ್ಕೊಳ್ಳೇ. ಹಬ್ಬದ ದಿನ ದೊಡ್ಡೋರು ಕೊಡೋದನ್ನ ಬೇಡ ಅನ್ಬಾರ್ದು."

ನಿಂತೆ. ಹಸಿರು ಬಣ್ಣದ ಲಂಗದ ಬಟ್ಟೆ ಬಂತು. ಅಪ್ಪನ ಉರುಳೆಯ ಪಕ್ಕ ನನ್ನ ಬ್ಯಾಟಿಗೂ ಕುಂಕುಮ, ಅಪ್ಪನ ಪಕ್ಕ ನನಗೂ ಬಟ್ಟೆ. ಇನ್ನೇನು ಬೇಕು? ಅಲ್ಲಿಂದ ಮುಂದೆ ಪ್ರತಿ ವರ್ಷವೂ ನಾನಾಗಿಯೇ ಹೋಗಿ ಆ ಸಾಲಿನಲ್ಲಿ ನಿಲ್ಲುತ್ತಿದ್ದೆ. ಹಬ್ಬದ ಬಟ್ಟೆಯನ್ನು ಬೇಡ ಅನ್ನುವುದುಂಟೆ?

ನನಗೆ ಹದಿಮೂರು ತುಂಬಿದ ವರ್ಷ ಲಲಿತಕ್ಕ ಬಂದರು. ಕೆರೆ ರಿಪೇರಿಯ ಇಂಜಿನಿಯರೊಬ್ಬರ ಹೆಂಡತಿ. ಗಂಡ ದೇವರಾಯಸಮುದ್ರದ ಕೆರೆ, ಇನ್ನೊಂದು ಕೆರೆ ಅಂತ ಸುತ್ತುತ್ತಿದ್ದರೆ ಇವರು ಅತ್ತೆಯ ಜೊತೆ ಮನೆಯಲ್ಲಿ. ಮೈಸೂರಿನಲ್ಲಿ ಓದುವಾಗ ಟೆನ್ನಿಸ್ ಕಲಿತಿದ್ದರು. ಉಳಿದವರ ಹಾಗೆ ಚೆಂಡು ಕಂಡರೆ ಸೆರಗು ಮುಚ್ಚಿಕೊಳ್ಳುವವರಲ್ಲ. ಸೀರೆಯನ್ನು ಕಚ್ಚೆ ಹಾಕಿ ಓಡುತ್ತಿದ್ದರು. ಕುರಿಯ ಕರುಳಿನ ತಂತಿ ಇರುವ ಬ್ಯಾಟು ಹೊಸಲು ದಾಟಿ ಒಳಗೆ ಬರಕೂಡದು ಅಂತ ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಅವರ ಬ್ಯಾಟು ನಮ್ಮ ಮನೆಯ ಗೂಟದಲ್ಲಿ, ನನ್ನ ಬ್ಯಾಟಿನ ಪಕ್ಕ ತೂಗುಹಾಕಿರುತ್ತಿತ್ತು. ಮೊದಲನೇ ದಿನ ನಾನು ಅಮ್ಮಾವರೇ ಅಂದೆ.

"ಅಮ್ಮಾವ್ರೇ ಅಂದ್ರೆ ನಂಗೆ ವಯಸ್ಸಾದ ಹಾಗಾಗತ್ತೆ ಕಣೇ. ಅಕ್ಕ ಅನ್ನು ಸಾಕು."

ಒಡಹುಟ್ಟಿದವರು ಇಲ್ಲದವಳು ನಾನು. ಅಷ್ಟು ಸಾಕಾಯಿತು. ಅವರು ಆಟ ಮುಗಿಸಿ ಬೆಂಚಿನ ಮೇಲೆ ಕೂತು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು. ಮನೆಯಿಂದ ಕೋಡುಬಳೆ ತಂದು ಅರ್ಧ ಮುರಿದು ಕೊಡುತ್ತಿದ್ದರು. ನೀಲಿ ಕಾಗದದ ಮೇಲೆ ನೇರಳೆ ಮಸಿಯಲ್ಲಿ ಅಕ್ಷರ ಬರೆದು ತಿದ್ದಿಸಿದರು. ಆಯುಧಪೂಜೆಯ ದಿನ ಬಟ್ಟೆ ಹಂಚುವ ಕೆಲಸ ಅವರ ಕೈಗೆ ಬಂದ ಮೇಲೆ, ಸಾಲಿನಲ್ಲಿ ನನ್ನ ಹತ್ತಿರ ಬಂದಾಗ ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳುತ್ತಿದ್ದರು.

"ಇದು ಕ್ಲಬ್ಬಿಂದಲ್ಲ ಕಣೇ. ಅಕ್ಕ ತಂಗಿಗೆ ಕೊಡ್ತಿರೋದು."

ಅವರಿಂದ ಕಲಿತ ಅಕ್ಷರವನ್ನು ನಾನು ಅಪ್ಪನಿಗೆ ದಾಟಿಸಿದೆ. ಹೆಬ್ಬೆಟ್ಟು ಒತ್ತುವುದು ಅವನಿಗೆ ನಾಚಿಕೆಯ ವಿಷಯವಾಗಿತ್ತು. ಬೆಳಿಗ್ಗೆ ಉರುಳೆ ಎಳೆಯುವ ಮೊದಲು ಕೋರ್ಟಿನ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಅವನ ಹೆಸರು ಬರೆದು, ಅದರ ಮೇಲೇ ಕೋಲಿನಿಂದ ತಿದ್ದಿಸುತ್ತಿದ್ದೆ. ಬೆನ್ನು ಬಗ್ಗಿಸಿ, ನಾಲಿಗೆ ಕಚ್ಚಿಕೊಂಡು ತಿದ್ದುತ್ತಿದ್ದ. ಪಿಳ್ಳಪ್ಪ ಅನ್ನುವ ಮೂರು ಅಕ್ಷರ ಕೂರುವಷ್ಟರಲ್ಲಿ ತಿಂಗಳಾಯಿತು. ಕೊನೆಗೂ ಅವನ ಅಕ್ಷರಗಳು ಬಲಗಡೆಗೆ ಇಳಿಜಾರಾಗಿ ಇಳಿಯುವುದು ತಪ್ಪಲಿಲ್ಲ. ಮೊದಲ ಸಲ ಕ್ಲಬ್ಬಿನ ಪುಸ್ತಕದಲ್ಲಿ ರುಜು ಹಾಕಿದ ದಿನ ಅಪ್ಪ ಪೇಟೆಗೆ ಹೋಗಿ ನನಗೆ ಬಳೆ ತಂದಿದ್ದ.

ಎರಡನೇ ಮಹಾಯುದ್ಧ ಜೋರಾಯಿತು. ಚೆಂಡು ಬರುವುದು ನಿಂತಿತು. ಕೂದಲು ಉದುರಿ ಬೋಳಾದ ಚೆಂಡುಗಳಲ್ಲೇ ಆಡುತ್ತಿದ್ದೆವು. ಬಟ್ಟೆಗೆ ಕಂಟ್ರೋಲು ಬಂತು. ಹರಿದ ರವಿಕೆಗೆ ಹರಿದ ಲಂಗದ ತೇಪೆ. ಅಂಥ ಕಾಲದಲ್ಲಿ, ನನಗೆ ಹದಿನೈದು ನಡೆಯುವಾಗ, ಲಲಿತಕ್ಕ ಒಂದು ಶುಕ್ರವಾರ ಬೆಂಚಿನ ಮೇಲೆ ಕೂತು ಕೇಳಿದರು.

"ಸಂಕ್ರಾಂತಿ ಆದ್ಮೇಲೆ ಬೆಂಗಳೂರಲ್ಲಿ ಹೆಂಗಸರ ಪಂದ್ಯ ಇದೆ ಕಣೇ ನಾಗರತ್ನ. ನನ್ನ ಹೆಸರು ಕೊಡ್ತಿದ್ದೀನಿ. ನಿಂದೂ ಕೊಡ್ಲಾ?"

ಕೊಡಿ ಅಂದೆ. ಒಂದು ಮಾತು ಹೇಳುತ್ತೇನೆ, ನಂಬುವುದಾದರೆ ನಂಬಿ. ಆರು ವರ್ಷ ವಾರಕ್ಕೆರಡು ದಿನ ಆಡಿದವಳು ನಾನು, ಅದುವರೆಗೆ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಗೆಲ್ಲುವುದು ನನ್ನ ಕೆಲಸವೇ ಆಗಿರಲಿಲ್ಲ. ಗೆಲ್ಲಲು ಬಿಟ್ಟರೆ ನಾನು ಗೆಲ್ಲುತ್ತೇನೋ ಇಲ್ಲವೋ ನನಗೇ ತಿಳಿಯದು. ಬೆಂಗಳೂರಿನಲ್ಲಿ ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ. ಅದೊಂದನ್ನು ನೋಡಬೇಕು ಅಂತ ನನಗೆ ಎಷ್ಟು ಆಸೆಯಾಯಿತು ಅಂದರೆ, ಊಟಕ್ಕೆ ಕೂತರೆ ಅದೇ, ಸಗಣಿ ಕಲಸುವಾಗಲೂ ಅದೇ. ಪಂದ್ಯಕ್ಕೆ ಬಿಳಿಯೇ ಉಡಬೇಕು ಅಂತ ಖಾದರ್ ಸಾಬರ ಹೆಂಡತಿ ತಾವು ತಲೆಗೆ ಹೊದೆಯುವ ಬಿಳಿಯ ಓಢನಿಯನ್ನು ದಾವಣಿ ಮಾಡಿಕೊಳ್ಳಲು ಕೊಟ್ಟರು. ಅಮ್ಮ ಕೂಡ ಗೊಣಗುತ್ತಲೇ ಅದಕ್ಕೆ ಅಂಚು ಹೊಲಿದಳು.

ಪಂದ್ಯಕ್ಕೆ ಹದಿನೈದು ದಿನವಿರುವಾಗ ಲಲಿತಕ್ಕ ಉಳಿದ ಹೆಂಗಸರನ್ನು ಬೇಗ ಕಳಿಸಿ, ನೆಟ್ಟಿನ ಆಚೆ ನಿಂತು ಹೇಳಿದರು.

"ಇವತ್ತು ನನ್ನ ಜೊತೆ ನಿಜವಾಗಿ ಆಡು. ಮಾರ್ಕರಾಟ ಬೇಡ. ನಂಗೊತ್ತು, ನೀನು ಆಗಾಗ ಬಿಡ್ತೀಯ."

ಆಗಾಗ ಅಂತೆ! ಅವರಿಗೆ ಗೊತ್ತಿದ್ದದ್ದು ಅಷ್ಟೇ. ನಾನು ಆಡಿದೆ. ಆರು ವರ್ಷ ಎದುರಿನವರ ಬ್ಯಾಟು ಇರುವ ಕಡೆಗೇ ಚೆಂಡು ಕಳಿಸಿದ ಕೈ; ಅದು ಇಲ್ಲದ ಕಡೆಗೆ ಕಳಿಸುವುದು ಅದಕ್ಕಿಂತ ಸುಲಭ ಅಂತ ಅವತ್ತು ತಿಳಿಯಿತು. ಅರ್ಧ ಗಂಟೆಯೂ ಆಗಲಿಲ್ಲ. ಆರು, ಸೊನ್ನೆ. ಲಲಿತಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಕ್ಕರು. ನನ್ನ ಕೆನ್ನೆ ಹಿಂಡಿದರು.

"ಇಷ್ಟು ದಿನ ಒಂದಿನಾನೂ ಹೀಗೆ ಆಡಿಲ್ವಲ್ಲೇ ನೀನು."

"ನೀವೇ ನಿಜವಾಗಿ ಆಡು ಅಂದ್ರಲ್ಲಕ್ಕ."

"ಹೌದು. ನಾನೇ ಅಂದೆ."

ಅವತ್ತು ಅವರು ಬ್ಯಾಟನ್ನು ಬೆಂಚಿನ ಮೇಲೇ ಬಿಟ್ಟು ಹೋದರು. ನಾನೇ ತಂದು ಗೂಟಕ್ಕೆ ಹಾಕಿದೆ. ಅಪ್ಪ ತಟ್ಟಿಯ ಸಂದಿಯಿಂದ ನೋಡುತ್ತಿದ್ದನೆಂದು ಕಾಣುತ್ತದೆ. ಬಾಗಿಲಲ್ಲೇ ನಿಂತಿದ್ದ.

"ಎಷ್ಟು ಬಿಟ್ಟೆ?"

"ಒಂದೂ ಬಿಡ್ಲಿಲ್ಲ."

"ಒಂದಾದ್ರೂ ಬಿಡ್ಬಾರ್ದಿತ್ತೇನೇ? ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆಯಲ್ಲೇ ಹಾಳಾದೋಳೆ."

ಮೂರನೆಯ ದಿನ ಅವನನ್ನು ಕ್ಲಬ್ಬಿನ ಜಗಲಿಗೆ ಕರೆಸಿದ್ದರು. ಯಾಕೆಂದು ಕೇಳಿದರೆ ಚೆಂಡಿನ ವಿಷಯ ಅಂದ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ಹಾಗೇ ಬಿಟ್ಟು ಎದ್ದ. ಮಾರನೆಯ ಬೆಳಿಗ್ಗೆ ಮಾತ್ರ ನನ್ನನ್ನು ತಾನೇ ಎಬ್ಬಿಸಿ ಕೋರ್ಟಿಗೆ ಕರೆದುಕೊಂಡು ಹೋದ. ಅಲ್ಲಿಂದ ಹತ್ತು ದಿನ, ಅದುವರೆಗೆ ಕಲಿಸದೆ ಮುಚ್ಚಿಟ್ಟಿದ್ದ ಎಲ್ಲವನ್ನೂ ಕಲಿಸಿದ. ಚೆಂಡನ್ನು ನೆಟ್ಟಿನ ಪಕ್ಕದಲ್ಲೇ ಸಾಯಿಸುವುದು, ಎದುರಿನವರ ಭುಜ ನೋಡಿ ಏಟು ಯಾವ ಕಡೆ ಅಂತ ಹೇಳುವುದು, ಎಲ್ಲ. ಅಷ್ಟು ಮುದ್ದಿನಿಂದ ಅವನು ನನ್ನ ಹತ್ತಿರ ಎಂದೂ ಮಾತಾಡಿರಲಿಲ್ಲ. ಅಪ್ಪನಿಗೂ ನಾನು ಗೆಲ್ಲುವುದನ್ನು ನೋಡುವ ಆಸೆ ಹುಟ್ಟಿದೆ ಅಂದುಕೊಂಡೆ. ನನ್ನ ಜೀವನದಲ್ಲಿ ಅಂಥ ಹತ್ತು ದಿನ ಮತ್ತೆ ಬರಲಿಲ್ಲ. ಅದಕ್ಕೇ ಅವನನ್ನು ಕ್ಷಮಿಸುವುದು ಇನ್ನೂ ಕಷ್ಟ.

ಲಲಿತಕ್ಕ ಕಾರಿನಲ್ಲಿ ಮುಂಚೆಯೇ ಹೋಗಿದ್ದರು. ನಾನೂ ಅಪ್ಪನೂ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಮಾಲೂರಿಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ. ಅಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಿದ್ದಳು. ಬ್ಯಾಟನ್ನು ಅಪ್ಪ ತನ್ನ ಹಬ್ಬದ ಪಂಚೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದ. ನಾನು ಕೇಳಿದರೂ ಕೊಡಲಿಲ್ಲ.

ಪಂದ್ಯದ ಮೈದಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕನ್ನಡಕದ ವಯಸ್ಸಾದ ಒಬ್ಬರು ಕೂತಿದ್ದರು. ಹೆಸರು ಹೇಳಿದೆ. ಪಟ್ಟಿಯ ಮೇಲೆ ಬೆರಳಾಡಿಸಿ, ಕೆಂಪು ಗೆರೆ ಹೊಡೆದಿದ್ದ ಒಂದು ಹೆಸರಿನ ಮೇಲೆ ನಿಲ್ಲಿಸಿದರು. ಕೆಟ್ಟವರೇನಲ್ಲ ಪಾಪ. ಮೆಲ್ಲಗೇ ಹೇಳಿದರು.

"ಮಾರ್ಕರುಗಳು, ಆಡಿಸಿದ್ದಕ್ಕೆ ಕ್ಲಬ್ಬಿನಿಂದ ಪ್ರತಿಫಲ ತಗೊಳ್ಳೋರು ಇದರಲ್ಲಿ ಆಡೋ ಹಾಗಿಲ್ಲಮ್ಮ. ಇದು ಬರೀ ಸಂತೋಷಕ್ಕೆ ಆಡೋರ ಪಂದ್ಯ."

"ನಾನು ಸಂತೋಷಕ್ಕೇ ಆಡೋದು ಸ್ವಾಮಿ. ನಂಗೆ ಯಾರೂ ಸಂಬಳ ಕೊಡಲ್ಲ."

"ನಿಮ್ಮೂರಿಂದಲೇ ಕಾಗದ ಬಂದಿದೆಯಲ್ಲಮ್ಮ."

ಕಾಗದ ತೆಗೆದರು. ನೀಲಿ ಕಾಗದ, ನೇರಳೆ ಮಸಿ. ಅವರು ಓದುವ ಮೊದಲೇ ಯಾರು ಬರೆದದ್ದು ಅಂತ ನನಗೆ ತಿಳಿಯಿತು. ಇಂಗ್ಲಿಷಿನಲ್ಲಿ ಇದ್ದದ್ದನ್ನು ಅವರು ನನಗೆ ಕನ್ನಡದಲ್ಲಿ ಹೇಳಿದರು: ಈ ಹುಡುಗಿ ಕ್ಲಬ್ಬಿನ ಆಳು, ಹೆಂಗಸರಿಗೆ ಆಟ ಆಡಿಸುವುದು ಇವಳ ಉದ್ಯೋಗ, ಪ್ರತಿ ವರ್ಷ ಆಯುಧಪೂಜೆಯ ದಿನ ಆಳುಗಳ ಸಾಲಿನಲ್ಲಿ ನಿಂತು ಬಟ್ಟೆ ತೆಗೆದುಕೊಳ್ಳುತ್ತಾಳೆ, ಇದು ನಿಜವೆಂದು ಇವಳ ತಂದೆ ಒಪ್ಪಿದ್ದಾನೆ. ಕೆಳಗೆ ರುಜು ಇತ್ತು. ಬಲಗಡೆಗೆ ಇಳಿಜಾರಾಗಿ ಇಳಿದ ಮೂರು ಅಕ್ಷರ. ಅದನ್ನು ಯಾರೂ ನನಗೆ ಓದಿ ಹೇಳಬೇಕಾಗಿರಲಿಲ್ಲ. ತಿರುಗಿ ನೋಡಿದೆ. ಅಪ್ಪ ಬೇಲಿಯ ಆಚೆ ನಿಂತು, ಪಂಚೆಯಲ್ಲಿ ಸುತ್ತಿದ ಬ್ಯಾಟು ಹಿಡಿದುಕೊಂಡು ನೆಲ ನೋಡುತ್ತಿದ್ದ.

ಅಲ್ಲೇ ಕುರ್ಚಿಗಳ ಹತ್ತಿರ ಲಲಿತಕ್ಕ ಇದ್ದರು. ನನ್ನನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ತಾವೇ ಎದ್ದು ಬಂದರು. ನಾನು ಬರುತ್ತೇನೆ ಅಂತ ಅವರು ಎಣಿಸಿರಲಿಲ್ಲ. ಅಪ್ಪ ಹೇಳಿರುತ್ತಾನೆ ಅಂದುಕೊಂಡಿದ್ದರು.

"ರೂಲ್ಸು ಕಣೇ. ನಾನು ಹೇಳದಿದ್ರೆ ನಾಳೆ ಇನ್ಯಾರೋ ಹೇಳ್ತಿದ್ರು. ಆಗ ನಿಂಗೇ ಅವಮಾನ."

ಅವರು ತಮ್ಮ ಬ್ಯಾಟಿನ ತಂತಿಯನ್ನು ಬೆರಳಲ್ಲಿ ಮೀಟಿ, ಮತ್ತೆ ಹೇಳಿದರು.

"ಬಂದಿದ್ದೀಯಲ್ಲ ಹೇಗೂ. ನನ್ನ ಪಂದ್ಯ ಹನ್ನೊಂದಕ್ಕೆ. ಒಂದು ಹತ್ತು ನಿಮಿಷ ಚೆಂಡು ಹಾಕ್ತೀಯಾ, ಕೈ ಕೂರ್ಲಿ."

ಹಾಕಿದೆ. ಯಾಕೆ ಹಾಕಿದೆ ಅಂತ ಈ ಅರವತ್ತು ವರ್ಷದಲ್ಲಿ ಎ‌ಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೋ. ಬೆಂಗಳೂರಿನ ಆ ಕೆಂಪು ಕೋರ್ಟಿನ ಮೇಲೆ, ಖಾದರ್ ಸಾಬರ ಹೆಂಡತಿಯ ಬಿಳಿ ಓಢನಿ ಉಟ್ಟು, ಹೊಸ ಚೆಂಡುಗಳನ್ನು ಒಂದೊಂದಾಗಿ ಅವರ ಬ್ಯಾಟಿಗೇ ಹೋಗುವ ಹಾಗೆ ಕಳಿಸಿದೆ. ಒಂದೂ ತಪ್ಪಲಿಲ್ಲ. ಲಲಿತಕ್ಕ ಅವತ್ತು ಗೆದ್ದರು. ಮಾರನೆಯ ದಿನ ಯಾರಿಗೋ ಸೋತರಂತೆ.

ವಾಪಸು ಬರುವಾಗ ಮಾಲೂರಿನಲ್ಲಿ ಬಸ್ಸಿಗೆ ಕಾಯಬೇಕಾಯಿತು. ಅಪ್ಪ ಕಡಲೆಕಾಯಿ ತಂದು ನನ್ನ ಮಡಿಲಿಗೆ ಹಾಕಿದ. ನಾನು ಮುಟ್ಟಲಿಲ್ಲ.

"ಯಾಕಪ್ಪಾ ರುಜು ಹಾಕ್ದೆ?"

"ಹಾಕು ಅಂದ್ರು. ಆಳಲ್ಲ ಅಂದ್ರೆ ಆಳಿನ ಮನೇಲಿ ಯಾಕಿದ್ದಾಳೆ ಅಂದ್ರು. ಮನೆ ಬಿಡಿಸಿದ್ರೆ ನಿಮ್ಮಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

"ಹೋಗ್ಲಿ ಬಿಡು. ಹಾಕ್ದೆ. ಮತ್ತೆ ಬೆಂಗ್ಳೂರಿಗಂಟ ಯಾಕೆ ಕರ್ಕೊಂಡು ಬಂದೆ? ಹತ್ತು ದಿನ ಯಾಕೆ ಕಲಿಸ್ದೆ?"

ಅಪ್ಪ ಬಹಳ ಹೊತ್ತು ಕಡಲೆಕಾಯಿ ಸಿಪ್ಪೆ ಬಿಡಿಸುತ್ತಾ ಕೂತ. ಬಿಡಿಸಿದ ಬೀಜವನ್ನು ತಾನೂ ತಿನ್ನಲಿಲ್ಲ.

"ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ಅಲ್ಲಿ ಅವರೇ ಹೇಳ್ತಾರಲ್ಲ ಅಂತ."

ಲಲಿತಕ್ಕ ಮಾಡಿದ್ದು ನನಗೆ ಅರ್ಥವಾಗುತ್ತದೆ. ಆಳಿನ ಮಗಳ ಕೈಲಿ ಬೆಂಗಳೂರಿನವರ ಎದುರು ಸೋಲುವುದು ಅವರಿಗೆ ಆಗದ ಮಾತು. ಅಪ್ಪ ರುಜು ಹಾಕಿದ್ದೂ ಅರ್ಥವಾಗುತ್ತದೆ. ಆ ಹತ್ತು ಬೆಳಗು ಮಾತ್ರ ಅರ್ಥವಾಗುವುದಿಲ್ಲ. ಮುಚ್ಚಿದ ಬಾಗಿಲಿನ ಕಡೆಗೆ ಓಡುವುದನ್ನು ಕಲಿಸುವುದಕ್ಕೆ ಅಷ್ಟು ಪ್ರೀತಿ ಯಾಕೆ ಬೇಕಿತ್ತು?

ಮನೆಗೆ ಬಂದು ನಾನೇ ಅಮ್ಮನಿಗೆ ಹೇಳಿದೆ. ಆರು ವರ್ಷ ಟೆನ್ನಿಸ್ಸಿಗೆ ಹಿಡಿಶಾಪ ಹಾಕುತ್ತಿದ್ದ ಅಮ್ಮ ಒಲೆಯ ಮೇಲಿದ್ದ ಎಸರನ್ನು ಎತ್ತಿ ಹೊರಗೆ ಚೆಲ್ಲಿದಳು. ನನ್ನ ಮಗಳ ಬಾಯಿಗೆ ಮಣ್ಣು ಹಾಕಿದೆಯಲ್ಲಯ್ಯಾ ಅಂತ ಅವಳ ತೆಲುಗಿನಲ್ಲೇ ಕೂಗಿದಳು.

"ನಾ ಬಿಡ್ಡ ನೋಟ್ಲೋ ಮನ್ನು ಕೊಟ್ಟಾವು ಕದಯ್ಯಾ."

ಎರಡು ದಿನ ಒಲೆ ಹೊತ್ತಲಿಲ್ಲ. ಹದಿನೈದು ದಿನದ ಸಗಣಿ ಸಾರಿಸುವ ಸರದಿ ಬಂದಾಗ ನಾನು ಸಾರಿಸಲ್ಲ ಅಂದಳು. ಅಪ್ಪ ತಾನೇ ಬಕೆಟ್ಟು ಹಿಡಿದು ಇಳಿದ. ಗಂಡಸು ಸಗಣಿ ಸಾರಿಸುವುದನ್ನು ಊರವರು ನೋಡಿಯಾರೆಂದು ಅರ್ಧದಲ್ಲೇ ಅಮ್ಮ ಹೋಗಿ ಪೊರಕೆ ಕಿತ್ತುಕೊಂಡಳು. ಅಷ್ಟೇ ನಮ್ಮ ಮನೆಯ ಹೋರಾಟ. ಲಲಿತಕ್ಕನ ಬ್ಯಾಟು ನಮ್ಮ ಗೂಟಕ್ಕೇ ವಾಪಸು ಬಂತು, ಅತ್ತೆ ಬದಲಾಗಿರಲಿಲ್ಲವಲ್ಲ. ಈಳಿಗೆ ಮಣೆ ಪಕ್ಕದಲ್ಲೇ ಇತ್ತು. ಒಂದು ತಂತಿ ಕೊಯ್ದಿದ್ದರೆ ಸಾಕಿತ್ತು. ಕೊಯ್ಯಲಿಲ್ಲ. ಅದು ಖಾದರ್ ಸಾಬರು ಬಿಗಿದದ್ದು.

ಮಂಗಳವಾರ, ಶುಕ್ರವಾರ ನಾಲ್ಕು ಗಂಟೆಗೆ ನಾನು ಹೋಗುತ್ತಿದ್ದೆ. ಅವರು ಬರುತ್ತಿದ್ದರು. ನಾನು ಚೆಂಡು ಹಾಕುತ್ತಿದ್ದೆ, ಬಿಟ್ಟುಕೊಡುತ್ತಿದ್ದೆ, ಅವರು ಗೆಲ್ಲುತ್ತಿದ್ದರು. ಈಗ ಇಬ್ಬರಿಗೂ ಗೊತ್ತಿತ್ತು. ಜಡೆ ಹಾಕಲು ಅವರು ಒಂದು ಸಲ ಕೈ ಚಾಚಿದರು. ನಾನು ಚೆಂಡು ಹೆಕ್ಕಲು ಹೋದೆ. ಅಕ್ಕ ಅನ್ನುವುದನ್ನು ಮಾತ್ರ ಬಿಡಲಾಗಲಿಲ್ಲ, ನಾಲಿಗೆಗೆ ಅಭ್ಯಾಸವಾಗಿತ್ತು. ಹೀಗೇ ಎಂಟು ತಿಂಗಳು ಕಳೆದು ಆಯುಧಪೂಜೆ ಬಂತು.

ಆ ವರ್ಷ ನನ್ನ ಬ್ಯಾಟನ್ನು ಪೂಜೆಗೆ ಇಡಲಿಲ್ಲ. ಸಾಲಿಗೆ ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ನಿಂತೆ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಮ್ಮ. ಕಂಟ್ರೋಲಿನ ಕಾಲ, ಪೇಟೆಯಲ್ಲಿ ಗೇಣುದ್ದ ಬಟ್ಟೆಗೆ ಜನ ಬಾಗಿಲು ಕಾಯುತ್ತಿದ್ದರು. ಅಂಥಾದ್ದರಲ್ಲೂ ಕ್ಲಬ್ಬಿನವರು ಬಟ್ಟೆ ಹೊಂದಿಸಿದ್ದರು. ಲಲಿತಕ್ಕ ತಟ್ಟೆ ಹಿಡಿದು ಒಬ್ಬೊಬ್ಬರನ್ನೇ ದಾಟಿ ಬಂದರು. ಅಪ್ಪನಿಗೆ ಪಂಚೆ ಕೊಟ್ಟರು. ನನ್ನ ಎದುರು ನಿಂತು, ನೀಲಿ ಹೂವಿನ ಚೀಟಿ ಬಟ್ಟೆಯನ್ನು ತಟ್ಟೆಯ ಮೇಲೆ ಇಟ್ಟು ಚಾಚಿದರು. ಈ ಸಲ ಬಗ್ಗಿ ಏನೂ ಹೇಳಲಿಲ್ಲ. ನಾನು ಕೈ ಚಾಚಲಿಲ್ಲ.

"ಅಕ್ಕಾ, ಇದು ಕೂಲಿನಾ, ಉಡುಗೊರೆನಾ? ಹೇಳಿ ಕೊಡಿ."

ಜಗಲಿಯ ಮೇಲಿದ್ದ ಹೆಂಗಸರು ಈ ಕಡೆ ತಿರುಗಿದರು. ಲಲಿತಕ್ಕನ ಕಿವಿ ಕೆಂಪಾಯಿತು.

"ಹಬ್ಬದ ದಿನ ಏನೇ ಇದು. ತಗೋ ಸುಮ್ನೆ."

"ಕೂಲಿ ಆದ್ರೆ ಸಾಲದು. ಉಡುಗೊರೆ ಆದ್ರೆ ಬೇಡ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಎಂಟು ತಿಂಗಳು ಒಳಗೇ ಕುದ್ದಿತ್ತು ಅಂತ ಕಾಣುತ್ತದೆ. ಲಲಿತಕ್ಕ ತಟ್ಟೆಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ, ಮುಂದಕ್ಕೂ ಚಾಚಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಅವರು ಏನಾದರೂ ಒಂದು ಮಾತು ಹೇಳಲಿ ಅಂತ ನಾನು ಕಾಯುತ್ತಿದ್ದೆ. ಎರಡರಲ್ಲಿ ಯಾವುದಾದರೂ ಒಂದು ಮಾತು. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂತು. ಉಗುರಿನ ಸಂದಿಯಲ್ಲಿ ಸುಣ್ಣ ಕೂತ ಕೈ. ಅಪ್ಪ ತನ್ನ ಪಂಚೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ನನ್ನ ಬಟ್ಟೆಯನ್ನು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡ.

"ಮಗು ತಾಯಿ, ತಿಳೀದು. ತಪ್ಪು ತಿಳ್ಕೋಬೇಡಿ."

ಲಲಿತಕ್ಕ ಅಮ್ಮನ ಕಡೆಗೆ ದಾಟಿಕೊಂಡರು. ಆ ಬಟ್ಟೆಯಲ್ಲಿ ಅಮ್ಮ ನನಗೆ ಎರಡು ರವಿಕೆ ಹೊಲಿಸಿದಳು. ಶುಕ್ರವಾರ ನಾಲ್ಕು ಗಂಟೆಗೆ ಅದರಲ್ಲೊಂದನ್ನು ತೊಟ್ಟುಕೊಂಡು ತಟ್ಟಿಯ ಒಳಗೆ ಹೋದೆ. ಬೇರೆ ಇರಲಿಲ್ಲ.